ಸೀವಾದ ಕತ್ತೆಗಾಡಿ ಯಜಮಾನರಿಗೆ

ಹೆಸರು ಗೊತ್ತಿಲ್ಲದ ಯಜಮಾನರೇ, ನಿಮಗೊಂದು ದೊಡ್ಡ ಥ್ಯಾಂಕ್ಸ್.

ಈಜಿಪ್ಟಿನ ಸೀವಾ ಓಯಸಿಸ್. ಮಟಮಟ ಮಧ್ಯಾಹ್ನ, ಅಘೂರ್ಮಿ ಗುಡ್ಡದ ಹತ್ತಿರ ನನ್ನ ಬಾಡಿಗೆ ಸೈಕಲ್ಲಿನ ಚೈನು ತುಂಡಾಯಿತು. ಖರ್ಜೂರ ಹೇರಿಕೊಂಡು ಬಂದ ನೀವು ಏನೂ ಕೇಳದೆ ಸೈಕಲ್ಲನ್ನು ಗಾಡಿಗೆ ಎತ್ತಿ ಹಾಕಿದಿರಿ. ಮೊಮ್ಮಗನ ಜೊತೆ ನಿಮ್ಮ ಮಾತು ಸೀವಿ ಭಾಷೆಯಲ್ಲಿ. ನನ್ನ ಜೊತೆ ಅರಬ್ಬಿ, ಜಾಸ್ತಿ ಕೈಸನ್ನೆ. ಸೀವಿ ಅಂದರೆ ಉತ್ತರ ಆಫ್ರಿಕಾದ ಹಳೆಯ ಬರ್ಬರ್ ಭಾಷೆಗಳಲ್ಲೊಂದು. ಈಜಿಪ್ಟಿನಲ್ಲಿ ಬರ್ಬರ್ ಭಾಷೆ ಉಳಿದಿರುವುದು ನಿಮ್ಮ ಕಡೆಯಲ್ಲೇ ಅಲ್ವಾ?

ಗುಡ್ಡದ ಮೇಲಿನ ಹಳೇ ಊರು ಶಾಲಿ ಕೋಟೆ ಬಂದಾಗ ಗಾಡಿ ನಿಲ್ಲಿಸಿ ಗೋಡೆ ಮುಟ್ಟಿಸಿದಿರಿ. ಮಣ್ಣಿನ ನಡುವೆ ಉಪ್ಪಿನ ಹರಳು, ಕಲ್ಲುಸಕ್ಕರೆ ಚೂರಿನ ಹಾಗೆ ಚುಚ್ಚುತ್ತಿತ್ತು. ಇದೇ ಕರ್ಷೀಫ್, ಉಪ್ಪಿನ ಕೆರೆಗಳ ಕಡೆಯಿಂದ ತಂದದ್ದು. ಒಣಗಿದರೆ ಕಲ್ಲಿನಷ್ಟು ಗಟ್ಟಿ. ಮಳೆ ಬಂತೋ, ಕರಗುತ್ತದೆ. 1926ರಲ್ಲಿ ಮೂರು ದಿನ ಸುರಿದ ಮಳೆಗೆ ಶಾಲಿಯ ಮನೆಗಳು ಹಾಳಾಗಿ, ಜನ ಕೆಳಗಿಳಿದು ಮನೆ ಕಟ್ಟಿಕೊಂಡರು. ನೀವು ಬೆರಳಾಡಿಸಿ ಮಳೆ ತೋರಿಸಿದ್ದು ನನಗೆ ತಕ್ಷಣ ಅರ್ಥವಾಯಿತು.

ಪ್ರವಾಸಿ ಪುಸ್ತಕಗಳಲ್ಲೆಲ್ಲ ಅಲೆಕ್ಸಾಂಡರನದೇ ಗಲಾಟೆ. ಕ್ರಿ.ಪೂ. 331ರಲ್ಲಿ ಪ್ರಾಚೀನ ಈಜಿಪ್ಟಿನ ಅಮುನ್ ದೇವರ ಭವಿಷ್ಯನುಡಿ ಕೇಳಲು ಇಲ್ಲಿಗೆ ಬಂದನಂತೆ. ಬರಲಿ ಬಿಡಿ. ನನಗೆ ಸೀವಾ ತೋರಿಸಿದವರು ನೀವು.

ದುಡ್ಡು ಕೊಡಲು ಹೋದರೆ ನೀವು ಗದರಿದಿರಿ. ಮೇಲಿಂದ ಸೈಕಲ್ ಅಂಗಡಿಯವನ ಹತ್ತಿರ ನನ್ನ ಪರವಾಗಿ ಜಗಳ ಬೇರೆ! ಚೈನಿನ ಕಾಸು ಅವನು ಕೇಳಲೇ ಇಲ್ಲ. ಸೀವಾಗೆ ಹೋಗುವವರಿದ್ದರೆ, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡ ಗಾಡಿಯ ಅಜ್ಜ ಸಿಕ್ಕರೆ, ನನ್ನ ಸಲಾಂ ಹೇಳಿ.