ಸೋಪಿಗೆ ಹೋಗುವ ಕಾಯಿಲೆಯಲ್ಲ ಇದು

ಮಾನ್ಯರೇ,

ನಮ್ಮ ನಿಟುವಳ್ಳಿಯಲ್ಲಿ ನಡೆದ ಚರ್ಮರೋಗ ಶಿಬಿರ 'ಯಶಸ್ವಿ' ಎಂದು ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿದೆ. ಆ ಫೋಟೊದ ಎಡಗಡೆ ಕೊನೆಯಲ್ಲಿ, ತುಂಬುತೋಳಿನ ಶರ್ಟ್ ಹಾಕಿಕೊಂಡು ಬೇರೆ ಕುರ್ಚಿಯಲ್ಲಿ ಕೂತವನು ನಾನೇ. ಯಾಕೆ ಒಬ್ಬನೇ ಕೂತಿದ್ದೆ ಅಂತ ವರದಿಯಲ್ಲಿಲ್ಲ. ನಾನೇ ಹೇಳುತ್ತೇನೆ.

ಬೆಳಿಗ್ಗೆ 8ಕ್ಕೆ ಅಂಗಡಿ ಬಾಗಿಲು ಹಾಕಿ ಹೋದೆ. ಭಾನುವಾರ ಬೆಳಿಗ್ಗೆ ಕಿರಾಣಿ ಅಂಗಡಿ ಮುಚ್ಚಿದರೆ ಏನಾಗುತ್ತದೆ ಅಂತ ವ್ಯಾಪಾರಸ್ಥರಿಗೆ ಗೊತ್ತು. ಸಾಹೇಬರು ಬಂದಿದ್ದು 11ಕ್ಕೆ. ದೀಪ, ಶಾಲು, ಹಾರ, ಭಾಷಣ ಎಲ್ಲ ಮುಗಿಯುವಾಗ 12 ದಾಟಿತ್ತು. ಫ್ಯಾನ್ ಇದ್ದದ್ದು ವೇದಿಕೆಗೆ ಮಾತ್ರ. ಶಾಮಿಯಾನದ ಕೆಳಗೆ ಕೂತ ನಮಗೆ ಧಗೆ. ನನ್ನ ಹಾಗೆ ಇಸುಬು (ಎಕ್ಸಿಮಾ) ಇರುವವನಿಗೆ ಬೆವರು ಅಂದರೆ ಉರಿ. ಮೊಣಕೈ ಮಡಿಕೆಯಲ್ಲಿ ಶರ್ಟ್ ಅಂಟಿಕೊಂಡಿತ್ತು, ಮೆಲ್ಲಗೆ ಬಿಡಿಸಿದರೂ ಹಕ್ಕಳೆ ಕಿತ್ತು ಬಂತು, ರಕ್ತ ಜಿನುಗಿತು. ಅದನ್ನು ನೋಡಿದ ಸಿಬ್ಬಂದಿಯೊಬ್ಬರು ಮೈಕಿನಲ್ಲೇ 'ಅಂಟುರೋಗದವರು ಆ ಕಡೆ ಕೂತ್ಕೊಳ್ಳಿ' ಎಂದರು! ಓಣಿಯವರೆಲ್ಲ ಅಲ್ಲೇ ಇದ್ದರು, ನನ್ನಲ್ಲೇ ಬೇಳೆ, ಬೆಲ್ಲ ಒಯ್ಯುವವರು. ಮಾರನೇ ದಿನವೇ ಇಬ್ಬರು 'ಬೆಲ್ಲ ಪ್ಯಾಕೆಟ್ಟಿನದ್ದೇ ಕೊಡಿ' ಅಂದಿದ್ದಾರೆ.

ಇಸುಬು ಅಂಟುರೋಗ ಅಲ್ಲ ಸ್ವಾಮಿ. 22 ವರ್ಷದಿಂದ ನನ್ನ ಹೆಂಡತಿ ಜೊತೆಗೇ ಇದ್ದಾಳೆ, ಅವಳಿಗೆ ಒಂದು ಗುಳ್ಳೆ ಬಂದಿಲ್ಲ. ನನ್ನನ್ನು ನೋಡುವ ಚರ್ಮದ ಡಾಕ್ಟರ್ ಒಮ್ಮೆ ಚೀಟಿಯ ಹಿಂದೆ ತಕ್ಕಡಿ ಬರೆದು ತೋರಿಸಿದ್ದರು, ಕಿರಾಣಿಯವನಿಗೆ ತಿಳಿಯಲಿ ಅಂತ. ರಕ್ತದ ಬಿಳಿ ಕಣಗಳಲ್ಲಿ ಟಿ ಕಣ ಅಂತ ಇವೆ, ಮೈ ಕಾಯುವ ಪಡೆ. ಅದರಲ್ಲಿ ಟಿಎಚ್-2 ಎಂಬ ಗುಂಪಿನ ತಟ್ಟೆ ನನ್ನಂಥವರಲ್ಲಿ ಜಾಸ್ತಿ ಜಗ್ಗುತ್ತದೆ. ಅವು ಬಿಡುವ ಐಎಲ್-4, ಐಎಲ್-13 ಎಂಬ ಸಂದೇಶ ಒಯ್ಯುವ ರಾಸಾಯನಿಕಗಳು ಚರ್ಮದ ಗೋಡೆಯನ್ನೇ ಸಡಿಲ ಮಾಡುತ್ತವೆ. ಐಎಲ್-31 ಅನ್ನೋದು ನೇರ ನರಕ್ಕೆ ಹೋಗಿ ತುರಿಕೆ ಎಬ್ಬಿಸುತ್ತದೆ. ರೋಗ ಜೋರಾದವರಲ್ಲಿ ಈ ಏರುಪೇರು ರಕ್ತದಲ್ಲೂ ಇರುತ್ತದೆ, ಗಾಯವಿಲ್ಲದ ನುಣುಪು ಚರ್ಮದಲ್ಲೂ ಇರುತ್ತದೆ. ರಾತ್ರಿ ಕೈಗೆ ಸಾಕ್ಸ್ ಹಾಕಿಕೊಂಡು ಮಲಗುವವನು ನಾನು. ಇದಕ್ಕೆ ಶಿಬಿರದಲ್ಲಿ ಕೊಟ್ಟದ್ದು ಒಂದು ಸೋಪು, ಒಂದು 'ಸ್ವಚ್ಛವಾಗಿರಿ' ಕರಪತ್ರ. ಅದೂ ಮುಟ್ಟದೆ, ಮೇಜಿನ ಆ ಕಡೆಯಿಂದ ತಳ್ಳಿ. ಕ್ಷಾರದ ಸೋಪು ಹಚ್ಚಿದರೆ ಇದ್ದ ಜಿಡ್ಡೂ ಹೋಗಿ ಮೈ ಇನ್ನಷ್ಟು ಬಿರಿಯುತ್ತದೆ ಅಂತ ಅವರಿಗೆ ಯಾರು ಹೇಳಬೇಕು?

ಜೊತೆಗೆ ಸ್ಟೆರಾಯ್ಡ್ ಬೆರೆಸಿದ ಹುಳುಕಡ್ಡಿ ಮುಲಾಮು. ಎಷ್ಟು ದಿನ ಹಚ್ಚಬೇಕು ಅಂದರೆ 'ಹೋಗೋವರೆಗೂ' ಅಂತೆ. ಇಂಥ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರವೇ 2018ರಲ್ಲಿ ಷೆಡ್ಯೂಲ್ ಎಚ್‌ಗೆ ಸೇರಿಸಿದೆ. ಇಲ್ಲಿ ಪ್ರಸಾದದ ಹಾಗೆ ಹಂಚಿದರು. ಐಎಲ್-4, 13 ಎರಡನ್ನೂ ತಡೆಯುವ ಡುಪಿಲುಮ್ಯಾಬ್ ಚುಚ್ಚುಮದ್ದು ಇದೆ, ಎರಡು ವಾರಕ್ಕೊಂದು. ಅದರ ರೇಟು ಕೇಳಿ ನಾನು ಎದ್ದು ಬಂದವನು. ಸರ್ಕಾರದಿಂದ ಏನಾದರೂ ಸಹಾಯ ಇದೆಯಾ ಅಂತ ಕೇಳಿದೆ. 'ಆಧಾರ್ ಜೆರಾಕ್ಸ್ ತಂದಿದ್ದೀರಾ?' ಎಂದರು.

ಆಧಾರ್ ಅಂದಾಗ ನೆನಪಾಯಿತು. ಓಣಿ ಧೂಳಿನ ಬಗ್ಗೆ ಮೂರು ಸಲ ಅರ್ಜಿ ಕೊಟ್ಟಿದ್ದೇನೆ, ಮೂರಕ್ಕೂ ಜೆರಾಕ್ಸ್ ಇಟ್ಟಿದ್ದೇನೆ. 2016ರಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳಲ್ಲಿ ನಮ್ಮ ದಾವಣಗೆರೆ ಬಂತು ಅಂತ ನಾವೂ ಪಟಾಕಿ ಹೊಡೆದಿದ್ದೆವು. ಈಗ ಪೈಪಿಗೆ ಒಂದು ಸಲ, ಕೇಬಲ್ಲಿಗೆ ಒಂದು ಸಲ ಅಗೆದು ಸುಮ್ನೆ ಮಣ್ಣು ತುಂಬಿ ಹೋಗುತ್ತಾರೆ. ಆ ಧೂಳು ಕುತ್ತಿಗೆಗೆ ಕೂತರೆ ರಾತ್ರಿ ಜಾಗರಣೆ ನನಗೆ, ಅವರಿಗಲ್ಲ. ಅರ್ಜಿ ತಗೊಂಡ ಸಾಹೇಬರಿಗೆ ವರ್ಗ ಆಯಿತಂತೆ. ಬೀದಿದೀಪದ ಕತೆ ಇನ್ನೊಮ್ಮೆ ಬರೆಯುತ್ತೇನೆ.

ಮುಂದಿನ ಸಲ ಶಿಬಿರಕ್ಕೆ ಚರ್ಮದ ಡಾಕ್ಟರನ್ನು ಕರೆಸಲಿ, ಇಲ್ಲ ಶಿಬಿರವೇ ಬೇಡ. ರಸ್ತೆಗೆ ಡಾಂಬರು ಹಾಕಲಿ, ಅದಾಗದಿದ್ದರೆ ನೀರಾದರೂ ಹೊಡೆಸಲಿ. ಮೈಕು ಹಿಡಿದಿದ್ದವರು ಕ್ಷಮೆ ಕೇಳುವುದೇನೂ ಬೇಡ. ನನ್ನ ಅಂಗಡಿಗೆ ಬಂದು, ನಾಲ್ಕು ಜನರ ಎದುರಿಗೆ, ನಾನು ಕೈಯಾರೆ ಒಡೆದು ಕೊಡುವ ಕಾಲು ಕೆ.ಜಿ. ಬಿಡಿ ಬೆಲ್ಲ ಒಯ್ಯಲಿ. ಅವರ ಸೋಪು ಹಾಗೇ ಇದೆ, ಅದನ್ನೂ ತಗೊಂಡು ಹೋಗಲಿ.

– ಒಬ್ಬ ಕಿರಾಣಿ ವ್ಯಾಪಾರಿ, ನಿಟುವಳ್ಳಿ, ದಾವಣಗೆರೆ