ಕಿತ್ತಳೆ ಕೋನ್ ಮತ್ತು ನನ್ನ 61 ನಿಮಿಷ

ಪ್ರೀತಿಯ ಅಪ್ಪ, ಅಮ್ಮ,

ಭಾನುವಾರ ಫೋನಿನಲ್ಲಿ "ರೇಸ್ ಮುಗಿಸಿದೆ, ಚೆನ್ನಾಗಿತ್ತು" ಅಂತ ಹೇಳಿ ಇಟ್ಟುಬಿಟ್ಟೆ. ಬೇಜಾರು ಮಾಡ್ಕೋಬೇಡಿ, ಆಗ ಫೋನ್ ಹಿಡಿದುಕೊಳ್ಳಲೂ ಕೈಯಲ್ಲಿ ಬಲ ಇರಲಿಲ್ಲ. ಅಮ್ಮ, ಮೊದಲು ನಿನಗೆ: ಮೊಣಕಾಲು ಸ್ವಲ್ಪ ತರಚಿದೆ, ಅದೂ ಒಣಗಿದೆ. ಅಷ್ಟೇ. ಮುಚ್ಚಿಡುತ್ತಿಲ್ಲ.

ಅಪ್ಪ, ನೀವು ಕೇಳಿದ್ದು ಒಂದೇ ಪ್ರಶ್ನೆ, "ವ್ಯವಸ್ಥೆ ಹೇಗಿತ್ತು?" ಹತ್ತು ಜನ ಸೇರುವ ಕಡೆ ಹೋದರೂ ನೀವು ಮೊದಲು ನೋಡುವುದು ನೀರು ಎಲ್ಲಿಟ್ಟಿದ್ದಾರೆ, ಕೊನೆಗೆ ಬಂದವರಿಗೂ ಸಿಗುತ್ತಾ ಅಂತಲೇ. ಆ ಪ್ರಶ್ನೆಗೆ ಫೋನಿನಲ್ಲಿ "ಪರವಾಗಿಲ್ಲ" ಅಂದೆ. ಆದರೆ ಅದಕ್ಕೆ ಉತ್ತರ, ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲಿದೆ. ಅದನ್ನೇ ಹೇಳೋಣ ಅಂತ ಕೂತೆ.

ನನ್ನ ಟ್ರಯಥ್ಲಾನ್ ರೇಸಿನ ದೂರ ನಿಮಗೆ ನೆನಪಿರಬಹುದು: 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಮೊದಲ ಸಲ ಬಂದಾಗಲೂ ಇದೇ ದೂರ. "ಈ ಮೂರನ್ನೂ ಒಂದೇ ದಿನ ಮಾಡಿ ಅಂತ ಯಾರಪ್ಪ ಹೇಳಿದ್ದು?" ಅಂತ ಅಮ್ಮ ಕೇಳುತ್ತಾಳಲ್ಲ, ಅದಕ್ಕೂ ಉತ್ತರ ಇದೆ. 1974ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಓಟಗಾರರ ಕ್ಲಬ್ ಒಂದು ಸುಮ್ನೆ ಒಂದು ಪ್ರಯೋಗ ಅಂತ ನಡೆಸಿತು. 46 ಜನ ಬಂದಿದ್ದರು. ಬೈಯುವುದಿದ್ದರೆ ಅವರನ್ನು ಬೈಯಮ್ಮ, ನನ್ನನ್ನಲ್ಲ.

ಹಿಂದಿನ ದಿನ ಒಂದು ಗಂಟೆ ಎಲ್ಲರನ್ನೂ ಕೂರಿಸಿ ದಾರಿ ವಿವರಿಸಿದರು. ನಕ್ಷೆ ತೋರಿಸಿದರು. ಸೈಕಲ್ 4 ಸುತ್ತು, ಓಟ 2 ಸುತ್ತು, ಎಣಿಸುವುದು ನಿಮ್ಮದೇ ಜವಾಬ್ದಾರಿ ಅಂದರು. ನಿಯಮವೂ ಹಾಗೇ ಇದೆ, ದಾರಿ ಗೊತ್ತಿರಬೇಕಾದ್ದು ಓಡುವವರಿಗೆ. ಇಷ್ಟು ಕೇಳಿದಾಗ ಎಲ್ಲ ಪಕ್ಕಾ ಇದೆ ಅನ್ನಿಸಿತು.

ಬೆಳಿಗ್ಗೆ ಐದಕ್ಕೆ ಹೋದರೆ ಟಾಯ್ಲೆಟ್ ಸಾಲು ನಮ್ಮ ಸೈಕಲ್ ನಿಲ್ಲಿಸುವ ಜಾಗವನ್ನೇ ಸುತ್ತಿ ಬಂದಿತ್ತು. ಇದನ್ನು ಬರೆಯಬಾರದು ಅಂತಿದ್ದೆ. ಆದರೆ ರೇಸ್ ನಡೆಸುವವರ ಬುದ್ಧಿವಂತಿಕೆ ಅಳೆಯಲು ಟಾಯ್ಲೆಟ್ ಎಷ್ಟಿದೆ ಅಂತ ನೋಡಿದರೆ ಸಾಕು. ನೂರಾರು ಜನರಿಗೆ ಒಂದೇ ಅರ್ಧ ಗಂಟೆಯಲ್ಲಿ ಅವಸರ ಆಗುತ್ತೆ ಅನ್ನುವುದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ.

ಸೈಕಲ್ ನಿಲ್ಲಿಸಿ ಬಟ್ಟೆ ಬದಲಿಸುವ ಜಾಗಕ್ಕೆ ಟ್ರಾನ್ಸಿಷನ್ ಅನ್ನುತ್ತಾರೆ. ಕಂಬಿಗಳ ಮೇಲೆ ನಂಬರ್ ಇತ್ತು. ಆದರೆ ಒಂದೇ ಕಡೆ ಮುಖ ಮಾಡಿ ಅಂಟಿಸಿದ್ದರು. ಬೆಳಿಗ್ಗೆ ಗೇಟಿನಿಂದ ಬರುವವರಿಗೆ ಕಾಣುತ್ತೆ. ನೀರಿನಿಂದ ಓಡಿ ಬರುವವರಿಗೆ ಕಾಣಲ್ಲ. ಅಂಟಿಸಿದವರು ಬೆಳಿಗ್ಗೆ ಬಂದವರು, ಈಜಿ ಬಂದವರಲ್ಲ. ನನ್ನ ಸೈಕಲ್ ದಾಟಿ ಮುಂದೆ ಹೋಗಿ, ಮತ್ತೆ ತಿರುಗಿ ಹುಡುಕಿಕೊಂಡು ಬಂದೆ. ಇನ್ನೊಬ್ಬ ಗಡಿಬಿಡಿಯಲ್ಲಿ ಹೆಲ್ಮೆಟ್ ಬಕಲ್ ಹಾಕದೆ ಸೈಕಲ್ ಎತ್ತಿದ. ಅದಕ್ಕೆ ಅಲ್ಲೇ ತಡೆದು ನಿಲ್ಲಿಸುತ್ತಾರೆ. ಬಕಲ್ ಹಾಕಿದ ಮೇಲೇ ಸೈಕಲ್ ಮುಟ್ಟಬೇಕು. ಈ ನಿಯಮ ಮಾತ್ರ ನನಗೆ ತುಂಬಾ ಇಷ್ಟ.

ಈಜಿನ ಕಥೆ ಬಿಟ್ಟು ಮುಂದೆ ಬಂದೆ ನೋಡಿ. ಕೆರೆಯ ಮೇಲೆ ಮಂಜು ಇತ್ತು. ತಿರುವು ತೋರಿಸಲು ನೀರಿನಲ್ಲಿ ಗಾಳಿ ತುಂಬಿದ ದೊಡ್ಡ ಗುಂಡುಗಳನ್ನು ಕಟ್ಟಿರುತ್ತಾರೆ, ಬೋಯ್ ಅಂತಾರೆ. ಮೊದಲ ಬೋಯ್ ಕೂಡ ಕಾಣುತ್ತಿರಲಿಲ್ಲ. 7 ಗಂಟೆಯ ಶುರುವನ್ನು 25 ನಿಮಿಷ ಮುಂದಕ್ಕೆ ಹಾಕಿದರು. ಸರಿಯಾದ ತೀರ್ಮಾನವೇ. ದೋಣಿಯಲ್ಲಿ ಕಾಯುವವರಿಗೆ ಈಜುವವರು ಕಾಣದಿದ್ದರೆ ಯಾರಾದರೂ ಮುಳುಗಿದರೂ ಗೊತ್ತಾಗಲ್ಲ. ಆದರೆ ಆ ಮಾತು ಸ್ಟೇಜಿನ ಹತ್ತಿರದ ಸ್ಪೀಕರ್‌ನಲ್ಲಿ ಮಾತ್ರ ಕೇಳಿಸಿತು. ನೀರಿನ ಅಂಚಿನಲ್ಲಿ ನಿಂತ ನಮಗೆ ಬರೀ ಗುಸುಗುಸು. ಒಬ್ಬರು ಈಜು ರದ್ದು ಅಂದರು, ಇನ್ನೊಬ್ಬರು ವೆಟ್‌ಸೂಟ್ ಬಿಚ್ಚಬೇಕಂತೆ ಅಂದರು. ವೆಟ್‌ಸೂಟ್ ಅಂದರೆ ಮೈಗಂಟುವ ರಬ್ಬರ್ ಅಂಗಿ. ವಿಶ್ವ ಟ್ರಯಥ್ಲಾನ್ ಸಂಸ್ಥೆಯ ನಿಯಮದ ಪ್ರಕಾರ ಈ ದೂರಕ್ಕೆ ನೀರು 22 ಡಿಗ್ರಿ ದಾಟಿದರೆ ನಮ್ಮಂಥ ಹವ್ಯಾಸಿಗಳು ಅದನ್ನು ಹಾಕುವಂತಿಲ್ಲ. ರೇಸಿಗೆ ಒಂದು ಗಂಟೆ ಮುಂಚೆ 60 ಸೆಂ.ಮೀ. ಆಳದಲ್ಲಿ ನೀರಿನ ಬಿಸಿ ಅಳೆಯುತ್ತಾರೆ. ನಮ್ಮದು 21.4 ಇತ್ತಂತೆ. ಅದು ಗೊತ್ತಾಗುವಷ್ಟರಲ್ಲಿ ಇಬ್ಬರು ಬಿಚ್ಚಿ ಮತ್ತೆ ಹಾಕಿಕೊಂಡಿದ್ದರು. ಅದನ್ನು ಹಾಕುವ ಕಷ್ಟ ಹಾಕಿದವರಿಗೇ ಗೊತ್ತು.

ಇಷ್ಟಕ್ಕೆಲ್ಲ ರೇಗಬಾರದು, ದೊಡ್ಡವರೂ ಎಡವುತ್ತಾರೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಗಂಡಸರ ರೇಸಿನಲ್ಲಿ ಶುರುವಿನ ಸದ್ದು ಆಯಿತು, ಆದರೆ ಒಂದಷ್ಟು ಈಜುಗಾರರ ಎದುರಿಗೇ ಕ್ಯಾಮೆರಾ ದೋಣಿ ಅಡ್ಡ ನಿಂತಿತ್ತು. ಉಳಿದವರು ಹಾರಿ ಈಜಿಕೊಂಡು ಹೋದರು. ಅವರ ಹಿಂದೆ ನೀರಿನ ಸ್ಕೂಟರ್ ಓಡಿಸಿ, ತಡೆದು, ವಾಪಸ್ ಕರೆತಂದು ಮತ್ತೆ ಶುರು ಮಾಡಿದರು. ಒಲಿಂಪಿಕ್ಸ್‌ನಲ್ಲಿ!

ನಮ್ಮಲ್ಲಿ ಆದದ್ದು ಇನ್ನೂ ಸಣ್ಣದು. ಬೋಯ್ ಕಿತ್ತಳೆ ಬಣ್ಣ, ನಮ್ಮ ವಯಸ್ಸಿನ ಗುಂಪಿಗೆ ಕೊಟ್ಟ ಟೋಪಿಯೂ ಕಿತ್ತಳೆ ಬಣ್ಣ. ಸೂರ್ಯ ನೇರ ಕಣ್ಣಿಗೆ. ನಾನು ಬೋಯ್ ಅಂದುಕೊಂಡು ಬೆನ್ನಟ್ಟಿದ್ದು ಒಬ್ಬರ ತಲೆಯನ್ನು. ಅವರೂ ದಾರಿ ತಪ್ಪಿದ್ದರು. ಕಯಾಕ್ ಅನ್ನುವ ಸಣ್ಣ ದೋಣಿಯಲ್ಲಿದ್ದ ಹುಡುಗಿಯೊಬ್ಬಳು ಹುಟ್ಟು ಅಡ್ಡ ಹಿಡಿದು ಇಬ್ಬರನ್ನೂ ತಿರುಗಿಸಿದಳು. ದಡಕ್ಕೆ ಬಂದಾಗ ಪಾಚಿ ಮೇಲೆ ಕಾರ್ಪೆಟ್ ಹಾಸಿದ್ದರು, ಎರಡೂ ಬದಿಯಲ್ಲಿ ಒಬ್ಬೊಬ್ಬರು ಸೊಂಟದವರೆಗೆ ನೀರಿನಲ್ಲಿ ನಿಂತು ಕೈ ಹಿಡಿದು ಎಳೆಯುತ್ತಿದ್ದರು. ಈಜಿ ಎದ್ದಾಗ ತಲೆ ತಿರುಗುತ್ತೆ, ಕಾಲು ನಮ್ಮದು ಅನ್ನಿಸಲ್ಲ. ಆ ಕೈಗಳನ್ನು ಮರೆಯಲ್ಲ. ಅವರ ಮುಖ ಮಾತ್ರ ನೋಡಲೇ ಇಲ್ಲ.

ಸೈಕಲ್ ದಾರಿ ಚೆನ್ನಾಗಿತ್ತು, ಒಂದು ತಿರುವು ಬಿಟ್ಟರೆ. ರಾತ್ರಿ ಮಳೆಗೆ ಅಲ್ಲಿ ಜಲ್ಲಿ ಹರಿದು ಬಂದಿತ್ತು. ಮುಂಜಾನೆ ಗುಡಿಸಿದ್ದರಂತೆ. ಆದರೆ ನೂರಾರು ಸೈಕಲ್ ತಿರುಗಿದ ಮೇಲೆ ಅಂಚಿನ ಜಲ್ಲಿ ಮತ್ತೆ ಮಧ್ಯಕ್ಕೆ ಬಂದಿದೆ. ಮೊದಲ ಸುತ್ತಿನಲ್ಲಿ ಏನೂ ಇರಲಿಲ್ಲ, ಮೂರನೆಯದರಲ್ಲಿ ಚಕ್ರ ಜಾರಿತು. ನಾನು ಕಾಲು ಊರಿ ತಪ್ಪಿಸಿಕೊಂಡೆ, ತರಚಿದ್ದು ಅಲ್ಲೇ. ನನ್ನ ಮುಂದಿದ್ದ ಹೆಂಗಸು ಬಿದ್ದರು. ಅಲ್ಲಿ ದಾರಿ ಕಾಯಲು ನಿಂತಿದ್ದ ಮಾರ್ಷಲ್ ಗಂಟಲು ಹರಿಯುವ ಹಾಗೆ ಕೂಗಿ ಎಲ್ಲರನ್ನೂ ನಿಧಾನ ಮಾಡಿಸುತ್ತಿದ್ದರು. ಆದರೆ ಅವರ ಕೈಯಲ್ಲಿ ವಾಕಿಟಾಕಿ ಇರಲಿಲ್ಲ! ಸ್ವಂತ ಮೊಬೈಲ್‌ನಿಂದ ಆಂಬುಲೆನ್ಸ್‌ಗೆ ಹೇಳಲು ನೋಡುತ್ತಿದ್ದರು, ಸಿಗ್ನಲ್ ಇಲ್ಲ. ಕೊನೆಗೆ ಮೋಟಾರ್‌ಸೈಕಲ್ ಮೇಲೆ ಬಂದ ರೆಫರಿ ಸುದ್ದಿ ಮುಟ್ಟಿಸಿದರು. ಆಕೆಗೆ ಹೆಗಲ ಮೂಳೆ ಬಿರುಕು ಬಿಟ್ಟಿದೆಯಂತೆ. ಇಡೀ ದಿನದಲ್ಲಿ ನನಗೆ ನಿಜವಾಗಿ ಸಿಟ್ಟು ಬಂದದ್ದು ಇದೊಂದಕ್ಕೇ. ಟಾಯ್ಲೆಟ್, ಸ್ಪೀಕರ್ ಎಲ್ಲ ನಕ್ಕು ಬಿಡಬಹುದು. ತಿರುವಿನಲ್ಲಿ ಮನುಷ್ಯನನ್ನು ನಿಲ್ಲಿಸಿ, ಅವನ ಕೈಗೆ ಮಾತಾಡಲು ಏನೂ ಕೊಡದಿದ್ದರೆ ಹೇಗೆ? 2024ರಲ್ಲಿ ಪ್ಯಾರಿಸ್‌ನಲ್ಲೂ ಹೆಂಗಸರ ರೇಸಿನ ದಿನ ಬೆಳಿಗ್ಗೆ ಮಳೆ ಬಂದು, ಒದ್ದೆ ರಸ್ತೆಯಲ್ಲಿ ಹಲವರು ಜಾರಿ ಬಿದ್ದರು. ರಸ್ತೆ ಯಾರ ಮಾತೂ ಕೇಳಲ್ಲ. ಸುದ್ದಿ ಬೇಗ ಮುಟ್ಟುವ ಹಾಗೆ ಮಾಡುವುದು ನಮ್ಮ ಕೈಯಲ್ಲಿದೆ.

ಇನ್ನೊಂದು ತಮಾಷೆ. ಒಬ್ಬರ ಬೆನ್ನಿಗಂಟಿ ಸೈಕಲ್ ತುಳಿದರೆ ಗಾಳಿ ತಡೆಯುತ್ತೆ, ಶ್ರಮ ಕಡಿಮೆ. ಅದಕ್ಕೆ ನಮ್ಮ ರೇಸಿನಲ್ಲಿ 10 ಮೀಟರ್ ಅಂತರ ಬಿಡಬೇಕು, ಒಳಗೆ ಬಂದರೆ 20 ಸೆಕೆಂಡಿನಲ್ಲಿ ದಾಟಬೇಕು. ಆದರೆ ಕಿರಿದಾದ ರಸ್ತೆ, 10 ಕಿ.ಮೀ. ಸುತ್ತು, ಅಷ್ಟೊಂದು ಸೈಕಲ್. ಲೆಕ್ಕ ಹಾಕಿದರೆ ಎಲ್ಲರೂ ಪಾಲಿಸಲು ಜಾಗವೇ ಇಲ್ಲ. ರೆಫರಿ ಬಂದಾಗ ಗುಂಪು ಚದುರುತ್ತಿತ್ತು, ಹೋದ ತಕ್ಷಣ ಮತ್ತೆ ಕೂಡುತ್ತಿತ್ತು.

ಓಟದ ಹೊತ್ತಿಗೆ ಬಿಸಿಲು ನೆತ್ತಿಗೆ ಬರುತ್ತಿತ್ತು. ಮೊದಲ ಸುತ್ತಿನಲ್ಲಿ ಎಲ್ಲ ಮೇಜಿನ ಮೇಲೂ ನೀರು. ಎರಡನೇ ಸುತ್ತಿನಲ್ಲಿ ಕೊನೆಯ ಮೇಜಿನಲ್ಲಿ ನೀರು ಇದೆ, ಕಪ್ ಇಲ್ಲ. ಹದಿನೈದು ವರ್ಷದ ಒಬ್ಬ ಹುಡುಗ ಜಗ್ ಹಿಡಿದು ಬೊಗಸೆಗೆ ಸುರಿಯುತ್ತಿದ್ದ. "ನಿಮಗೆ ಸಾಕಾ?" ಅಂತ ಪ್ರತಿಯೊಬ್ಬರನ್ನೂ ಕೇಳುತ್ತಿದ್ದ. ಅಪ್ಪ, ನೀವಿದ್ದಿದ್ದರೆ ಅವನ ಪಕ್ಕ ನಿಂತುಬಿಡುತ್ತಿದ್ದಿರಿ. 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ (ಇದಕ್ಕಿಂತ ತುಂಬಾ ಉದ್ದದ ಟ್ರಯಥ್ಲಾನ್) ನಡೆದಾಗ 15 ಜನ ಶುರು ಮಾಡಿದ್ದರು, ಪ್ರತಿಯೊಬ್ಬರ ನೀರು ಆಹಾರ ಅವರವರ ಗೆಳೆಯರದೇ ಜವಾಬ್ದಾರಿ. ಮುಂದಿದ್ದ ಜಾನ್ ಡನ್‌ಬಾರ್ ಎಂಬಾತನ ಗೆಳೆಯರ ಹತ್ತಿರ ನೀರು ಖಾಲಿ ಆಗಿ, ಬಿಯರ್ ಕೊಟ್ಟರಂತೆ. ಆತ ಎರಡನೆಯವನಾದ. ಅಮ್ಮ, ನಮಗೆ ನೀರೇ ಕೊಟ್ಟರು, ಹೆದರಬೇಡ.

ಮುಗಿಸಿದಾಗ ಫಲಕದ ಮೇಲೆ ನನ್ನ ಓಟ 61 ನಿಮಿಷ! ನಾನು 10 ಕಿ.ಮೀ.ಗೆ 65ಕ್ಕಿಂತ ಕಡಿಮೆ ಯಾವತ್ತೂ ಓಡಿಲ್ಲ. ಅದೂ ಈಜಿ, ಸೈಕಲ್ ತುಳಿದ ಮೇಲೆ. ಕುಣಿಯುವುದೊಂದು ಬಾಕಿ. ಹುಲ್ಲಿನ ಮೇಲೆ ಕೂತಿದ್ದ ಗುಂಪಿಗೆ ಹೋಗಿ ಹೇಳಿಕೊಂಡೆ.

ಅಲ್ಲೇ ಶುರುವಾಗಿದ್ದು ಚರ್ಚೆ. ಬೇಗ ಮುಗಿಸಿದ ಒಬ್ಬ, "ಇಷ್ಟು ಚೆನ್ನಾಗಿ ನಡೆಸಿದ ರೇಸ್ ನಾನು ನೋಡಿಲ್ಲ" ಅಂದ. ಅವನಿಗೆ ಜಲ್ಲಿ ಸಿಕ್ಕಿಲ್ಲ, ಕಪ್ ಸಿಕ್ಕಿದೆ, ತಂಪಿನಲ್ಲಿ ಓಡಿದ್ದಾನೆ. ಮೊದಲ ಸಲ ಬಂದ ಹುಡುಗಿಗೆ ಅಳುವೇ ಬಂದಿತ್ತು. ಅವಳು ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಎರಡು ಕಡೆ ಮಾರ್ಷಲ್‌ಗಳು ಕುರ್ಚಿ ಮಡಿಸುತ್ತಿದ್ದರಂತೆ. ಆಮೇಲೆ ದೂರದ ಮಾತು ಬಂತು. ಒಬ್ಬರ ವಾಚು 10 ಕಿ.ಮೀ. ಅನ್ನುತ್ತೆ, ಇನ್ನೊಬ್ಬರದು 9.7, ಮತ್ತೊಬ್ಬರದು 9.4. ಮರಗಳ ಕೆಳಗೆ ಜಿಪಿಎಸ್ ತಪ್ಪುತ್ತೆ ಬಿಡಿ ಅಂತ ಎಲ್ಲರೂ ಅಂದರು.

68 ವರ್ಷದ ಒಬ್ಬರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಪ್ರತಿಯೊಬ್ಬರನ್ನೂ "ನೀನು ಎಷ್ಟು ಗಂಟೆಗೆ ಮುಗಿಸಿದೆ?" ಅಂತ ಕೇಳಿ, ಟೋಪಿಯ ಒಳಗೆ ಪೆನ್ನಿನಿಂದ ಬರೆದುಕೊಂಡರು. ಬೇಗ ಮುಗಿಸಿದವರ ವಾಚು ಎಲ್ಲವೂ 10. ಮಧ್ಯದವರದು 9.7. ಹಿಂದಿನವರದು 9.4. ಜಿಪಿಎಸ್ ತಪ್ಪಿದರೆ ಹೇಗೆ ಬೇಕಾದರೂ ತಪ್ಪಬೇಕು, ಹೀಗೆ ಸಾಲಾಗಿ ತಪ್ಪಲ್ಲ ಅಲ್ವಾ. "ವಾಪಸ್ ತಿರುಗುವ ಜಾಗ ತೋರಿಸಲು ರಸ್ತೆ ಮೇಲಿಟ್ಟ ಕೋನ್ ಯಾರೋ ಸರಿಸಿದ್ದಾರೆ" ಅಂದರು. "150 ಮೀಟರ್ ಈಚೆಗೆ. ಹೋಗುವಾಗ 150, ಬರುವಾಗ 150. ಒಂದು ಸುತ್ತಿಗೆ 300." ಎರಡೂ ಸುತ್ತು ಸರಿದ ಕೋನ್ ತಿರುಗಿದವರಿಗೆ 600 ಮೀಟರ್ ಉಳಿತಾಯ. ನನಗೂ.

ಮೂರು ದಿನ ಬಿಟ್ಟು ಮೇಲ್ ಬಂತು. ಬಿದ್ದವರನ್ನು ಕರೆದೊಯ್ಯಲು ಬಂದ ವಾಹನಕ್ಕೆ ದಾರಿ ಬಿಡಲು ಕೋನ್ ತೆಗೆದಿದ್ದರು, ಮತ್ತೆ ಇಡುವಾಗ ಅಂದಾಜಿನಲ್ಲಿ ಇಟ್ಟರು. ತಪ್ಪು ಒಪ್ಪಿಕೊಂಡು, ಓಟದ ಸಮಯವನ್ನು ಬಿಟ್ಟು ಫಲಿತಾಂಶ ಹಾಕಿದ್ದಾರೆ. ಮುಚ್ಚಿಡದೆ ಹೇಳಿದರಲ್ಲ, ಅದಕ್ಕೆ ಅವರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ವಾಕಿಟಾಕಿಯದು. ಅದನ್ನು ಬರೆದು ಕಳಿಸಿದ್ದೇನೆ. ರಸ್ತೆ ಮೇಲೆ ಬಣ್ಣದಲ್ಲಿ ಗುರುತು ಹಾಕಿದರೆ ಕೋನ್ ಎಲ್ಲಿಡಬೇಕು ಅಂತ ಯಾರಿಗಾದರೂ ಗೊತ್ತಾಗುತ್ತೆ ಅಂತಲೂ ಬರೆದೆ. ಮುಂದಿನ ವರ್ಷ ಓಡಲ್ಲ, ಕೊನೆಯ ನೀರಿನ ಮೇಜಿಗೆ ಹೆಸರು ಕೊಟ್ಟಿದ್ದೇನೆ. ಎಷ್ಟು ಕಪ್ ಬೇಕಾಗಬಹುದು ಅಂತ ಲೆಕ್ಕ ಹಾಕಿ ಕಳಿಸಿ ಅಪ್ಪ.

ಜೊತೆಗೆ ಒಂದು ಫೋಟೋ ಇಟ್ಟಿದ್ದೇನೆ. ನಾನು ಹಲ್ಲು ಬಿಟ್ಟು ನಗುತ್ತಾ ತಿರುಗುತ್ತಿರುವುದು. ಪಕ್ಕದಲ್ಲಿರುವ ಕಿತ್ತಳೆ ಕೋನ್ ಅದೇ. ಅದು ಇರಬೇಕಾಗಿದ್ದು ಹಿಂದೆ ಸಣ್ಣದಾಗಿ ಕಾಣುವ ಮರದ ಹತ್ತಿರ.

ನಿಮ್ಮ ಮಗಳು