ಮಕ್ಕಳ ದಮ್ಮು: ನಿತ್ಯದ ಇನ್‌ಹೇಲರ್ ಮೊದಲು ಸಿಗಲಿ

ಮಾನ್ಯರೆ,

ಬ್ಯಾಡಗಿಯ ಮಾರುಕಟ್ಟೆಗೆ ಒಣಮೆಣಸಿನಕಾಯಿ ಚೀಲಗಳು ಬರತೊಡಗಿದೊಡನೆ ನನ್ನ ಒಂಬತ್ತು ವರ್ಷದ ಮಗಳ ಎದೆಯಲ್ಲಿ ಸಿಳ್ಳೆಯಂಥ ಸದ್ದು ಏಳುತ್ತದೆ. ಅದೇ ಓಣಿಯಲ್ಲಿ, ಅದೇ ಘಾಟಿನಲ್ಲಿ ಬೆಳೆಯುತ್ತಿರುವ ಅವಳ ತಮ್ಮನಿಗೆ ಏನೂ ಆಗುವುದಿಲ್ಲ. ಇಂಥ ಅಂತರಕ್ಕೆ ವಂಶವಾಹಿಗಳ ಪಾತ್ರವೆಷ್ಟು ಎಂಬುದನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. 17ನೇ ವರ್ಣತಂತುವಿನ ಒಂದು ಭಾಗಕ್ಕೂ ಬಾಲ್ಯದ ಅಸ್ತಮಾಕ್ಕೂ ಇರುವ ನಂಟು 2007ರಲ್ಲಿ ಬೆಳಕಿಗೆ ಬಂತು. ಬಳಿಕ ತಿಳಿದ ಸಿಡಿಎಚ್‌ಆರ್3 ವಂಶವಾಹಿಯ ಸಂಗತಿ ನನ್ನಂಥವರಿಗೆ ಇನ್ನೂ ಹತ್ತಿರದ್ದು: ನೆಗಡಿ ತರುವ ರೈನೊವೈರಸ್‌ನ ‘ಸಿ’ ಬಗೆಯು ಶ್ವಾಸನಾಳದ ಜೀವಕೋಶವನ್ನು ಹೊಗುವುದು ಈ ವಂಶವಾಹಿಯಿಂದ ತಯಾರಾಗುವ ಪ್ರೋಟೀನಿನ ಮೂಲಕ, ಅದರ ಒಂದು ರೂಪಾಂತರವುಳ್ಳ ಮಕ್ಕಳಲ್ಲಿ ಆಸ್ಪತ್ರೆ ಸೇರಬೇಕಾದಷ್ಟು ತೀವ್ರ ಉಬ್ಬಸದ ಅಪಾಯ ಹೆಚ್ಚು. ಮಗಳಿಗೆ ನೆಗಡಿಯಾದಾಗಲೆಲ್ಲ ಎರಡು ರಾತ್ರಿ ಕಳೆಯುವುದರೊಳಗೆ ದಮ್ಮು ಏರುವುದನ್ನು ಕಂಡ ನನಗೆ ಇದು ಬರಿಯ ಪ್ರಯೋಗಾಲಯದ ಸುದ್ದಿಯಲ್ಲ.

ವಂಶವಾಹಿ ಅಧ್ಯಯನಗಳು ತೋರಿದ, ಶ್ವಾಸನಾಳದಲ್ಲಿ ಉರಿಯೂತ ಎಬ್ಬಿಸುವ ಟಿಎಸ್‌ಎಲ್‌ಪಿ ಎಂಬ ಪ್ರೋಟೀನನ್ನು ತಡೆಯುವ ಟೆಜೆಪೆಲುಮ್ಯಾಬ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ದೊರೆಯಿತು. ಅದೂ 12 ವರ್ಷ ದಾಟಿದವರ ತೀವ್ರ ಅಸ್ತಮಾಕ್ಕೆ. ಇಂಥ ಔಷಧಿಗಳು ಮುಂದೆ ಇನ್ನಷ್ಟು ಬರಲಿವೆ. ಆದರೆ ಈವರೆಗಿನ ವಂಶವಾಹಿ ಅಧ್ಯಯನಗಳಲ್ಲಿ ಬಹುಪಾಲು ನಡೆದಿರುವುದು ಯುರೋಪ್ ಮೂಲದವರ ಮೇಲೆ. ಹುಬ್ಬಳ್ಳಿ, ಗದಗ, ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಿಗೆ ಬರುವ ಮಕ್ಕಳನ್ನೂ, ಪಾಲಕರ ಒಪ್ಪಿಗೆ ಪಡೆದು, ಇಂಥ ಸಂಶೋಧನೆಯಲ್ಲಿ ಸೇರಿಸಿಕೊಳ್ಳಬೇಕು.

ಇದಕ್ಕಿಂತ ತುರ್ತಿನ ಮಾತೊಂದಿದೆ. ದಮ್ಮು ಬಾರದಂತೆ ದಿನವೂ ಎಳೆದುಕೊಳ್ಳಬೇಕಾದ ಬುಡೆಸೊನೈಡ್ ಇನ್‌ಹೇಲರ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ನಾನು ಹೋದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಔಷಧಿಯನ್ನು ಮಂಜಿನಂತೆ ಉಸಿರಿಗೆ ಕೊಡುವ ನೆಬ್ಯುಲೈಸರ್ ಹಚ್ಚಿ ಆ ಹೊತ್ತಿನ ಉಬ್ಬಸ ಇಳಿಸಿದರು, ಅದಕ್ಕೆ ನಾನು ಋಣಿ. ಆದರೆ ನಿತ್ಯದ ಇನ್‌ಹೇಲರನ್ನು ಹೊರಗಿನ ಅಂಗಡಿಯಿಂದಲೇ ತರಬೇಕಾಯಿತು. ಕೂಲಿಯ ಮನೆಗಳಲ್ಲಿ ಎರಡನೆಯ ತಿಂಗಳಿಗೇ ಅದು ನಿಂತುಹೋಗುತ್ತದೆ. ‘ಪಂಪು ಹಿಡಿಸಿದರೆ ಬಿಡಿಸಲಾಗದು’ ಎಂಬ ತಪ್ಪು ಭಯವೂ ಅದಕ್ಕೆ ಜೊತೆಯಾಗುತ್ತದೆ. ಆಯುಷ್ಮಾನ್ ಭಾರತ್ ವಿಮೆ ಮಗು ಆಸ್ಪತ್ರೆಯಲ್ಲಿ ದಾಖಲಾದಾಗ ನೆರವಿಗೆ ಬರುತ್ತದೆ, ದಾಖಲಾಗದಂತೆ ಕಾಯುವ ಈ ಹೊರರೋಗಿ ಔಷಧಿಗೆ ಅದರಲ್ಲಿ ಹಣವಿಲ್ಲ.

ಆದ್ದರಿಂದ ಮುಂದಿನ ಮೆಣಸಿನಕಾಯಿ ಸುಗ್ಗಿಗೆ ಮೊದಲೇ ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ಬುಡೆಸೊನೈಡ್ ಇನ್‌ಹೇಲರ್ ಮತ್ತು ಮಕ್ಕಳಿಗೆ ಬೇಕಾದ ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಉಚಿತವಾಗಿ, ತಿಂಗಳು ತಪ್ಪದೆ ಸಿಗುವಂತೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.

– ಒಬ್ಬ ತಾಯಿ, ಬ್ಯಾಡಗಿ, ಹಾವೇರಿ ಜಿಲ್ಲೆ